ನಿದಾಲ್ ಕೆಳಗಿಟ್ಟ ಬಟ್ಟಲು

ರಾಜಿ ಮುಗಿದು ಮೂರು ದಿನವಾಗಿತ್ತು. ಬಸ್ರಾ ಕಡೆಯ ಅಮಾರಾ ಪಟ್ಟಣದ ಆ ಓಣಿಯ ಹನ್ನೆರಡು ಗಂಡಸರು ನಿದಾಲಳ ಮಾವನ ಮನೆಗೆ ಬಂದಿದ್ದರು. ಕಾಫಿ ಬಟ್ಟಲುಗಳನ್ನು ನೆಲದ ಮೇಲಿಟ್ಟು, ಕೇಳಿದ್ದನ್ನು ಕೊಡುವ ತನಕ ಮುಟ್ಟುವುದಿಲ್ಲ ಎಂದು ಕೂತಿದ್ದರು. ಅವರು ಕೇಳಿದ್ದು ಕ್ಷಮೆ. ಬಂದವರು ಕಾಫಿ ಕುಡಿಯದೆ ಎದ್ದು ಹೋದರೆ ಮನೆತನದ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ. ಮಾವ "ಕೊಟ್ಟೆ, ಕುಡೀರಿ" ಅಂದರು. ಹನ್ನೆರಡು ಗಂಟಲುಗಳಲ್ಲಿ ಕಾಫಿ ಇಳಿಯುವಷ್ಟರಲ್ಲಿ ನಿದಾಲಳ ಏಳು ವರ್ಷದ ಮಗಳು ತಬಾರಕ್‌ಳ ಎಡಗಣ್ಣು ಇತ್ಯರ್ಥವಾಯಿತು.

ಒಳಗೆ ನಿಂತು ಕೇಳಿಸಿಕೊಂಡ ನಿದಾಲಳಿಗೆ ಮೈಯೆಲ್ಲ ಉರಿದುಹೋಯಿತು. ರಂಜಾನ್ ಹಬ್ಬದ ಮೂರನೆಯ ದಿನ ಮಗಳು ಉಯ್ಯಾಲೆಯಿಂದ ಇಳಿಯುತ್ತಿದ್ದಾಗ ಪಕ್ಕದ ಮನೆಯ ಕರ್ರಾರ್‌ನ ಗಾಳಿ ಬಂದೂಕಿನ ಗುಂಡು ತಗುಲಿತ್ತು. ಇನ್ನು ಆ ಕಣ್ಣಿಗೆ ಬೆಳಕು ಕತ್ತಲೆ ತಿಳಿದೀತು, ಮುಖ ಕಾಣದು ಎಂದು ಬಸ್ರಾದ ವೈದ್ಯೆ ಹೇಳಿದ್ದಳು. ಕರ್ರಾರ್‌ನ ಮೇಲೆ ನಿದಾಲಳಿಗೆ ಸಿಟ್ಟಿರಲಿಲ್ಲ. ಒಂಬತ್ತು ವರ್ಷದ ಆ ಹುಡುಗ ಅಂದಿನಿಂದ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಸಿಟ್ಟಿದ್ದುದು ರಾಜಿಗೆ ಬಂದವರಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದ ಅಂಗಡಿಯ ಹಾಜಿ ಶನ್ನಾನ್‌ನ ಮೇಲೆ. ಹಿರಿಯರು ಮಕ್ಕಳ ಕೈಗಿಟ್ಟ ಹಬ್ಬದ ದುಡ್ಡು ಸಂಜೆಯೊಳಗೆ ಅವನ ಗಲ್ಲಾ ಸೇರುತ್ತಿತ್ತು, ಬಂದೂಕು ಮಕ್ಕಳ ಹೆಗಲೇರುತ್ತಿತ್ತು. ಬಕ್ರೀದ್‌ಗೆ ಬೇಕಾದ ಬಂದೂಕುಗಳ ಹೊಸ ಪೆಟ್ಟಿಗೆ ಆಗಲೇ ಅಂಗಡಿಯಲ್ಲಿ ಇಳಿದಿತ್ತು. ಓಣಿಯಲ್ಲಿ ನಲವತ್ತು ಮಕ್ಕಳಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಓಣಿಯ ಮುಖ್ಯಸ್ಥ ಶೇಖ್ ಝಾಮಿಲ್‌ರ ಚಾವಡಿಗೆ ಹೊರಟು ನಿಂತಳು.

"ಶೇಖ್ ಚಾವಡಿಗಾ? ಹೆಂಗಸ್ರು ಅಲ್ಲಿ ಮೆಟ್ಲು ಹತ್ತಿದ್ದು ನಾನಂತೂ ಕಂಡಿಲ್ಲ ಕಣೆ," ಅಂದಳು ಅತ್ತೆ ಫಖ್ರಿಯಾ.

"ಇವತ್ತು ಕಾಣ್ತೀರಿ ಅತ್ತೆ. ನಿಮ್ಮ ಹೊಸ ಅಬಾಯ ಕೊಡಿ, ನಂದು ಹರಿದಿದೆ."

ಅತ್ತೆ ಗೊಣಗುತ್ತಲೇ ಪೆಟ್ಟಿಗೆ ತೆರೆದು ಮೈಮುಚ್ಚುವ ಕಪ್ಪು ಅಬಾಯ ತೆಗೆದುಕೊಟ್ಟಳು.

ಚಾವಡಿಯಲ್ಲಿ ಶೇಖ್ ಝಾಮಿಲ್ ಸುತ್ತ ಓಣಿಯ ಗಂಡಸರು ಕೂತಿದ್ದರು, ಶನ್ನಾನ್ ಕೂಡ. ಶೇಖ್ ಕೆಟ್ಟವರಲ್ಲ. "ಸಜ್ಜಾದನ ತಾಯಿ ಅಲ್ವಾ? ಒಳಗೆ ಹೆಂಗಸ್ರ ಹತ್ರ ಕೂತ್ಕೋ ತಾಯಿ, ಚಹಾ ಕಳಿಸ್ತೀನಿ," ಅಂದರು, ಮಗನ ಹೆಸರಿನಿಂದಲೇ ಅವಳನ್ನು ಗುರುತಿಸಿ.

"ಚಹಾ ಬೇಡ ಶೇಖರೆ. ನಂಗೂ ಕಾಫಿ ಹಾಕಿಸಿ."

ಹಾಕಿಸಿದರು. ನಿದಾಲ್ ಬಟ್ಟಲನ್ನು ತನ್ನ ಮುಂದೆ ನೆಲದ ಮೇಲಿಟ್ಟು ಕೈ ಕಟ್ಟಿ ಕೂತಳು. ಶನ್ನಾನ್ ಒಬ್ಬನೇ ನಕ್ಕ.

"ಇದು ಗಂಡಸರ ಪದ್ಧತಿ ಕಣಮ್ಮ."

"ಬಟ್ಟಲಿಗೆ ಮೀಸೆ ಬಂದಿದ್ದು ನಾನು ಕಂಡಿಲ್ಲ ಹಾಜಿ."

ಮೂಲೆಯಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಶೇಖ್ ಕೈಯೆತ್ತಿ ಸುಮ್ಮನಿರಿಸಿ, "ನಿನ್ನ ಮಾವ ಕ್ಷಮಿಸಿ ಆಯ್ತಲ್ಲ?" ಅಂದರು.

"ಮಾವನ ಮಾತು ಮಾವನ ಮಾತೇ. ನಾನು ಸೇಡು ಕೇಳೋಕೆ ಬಂದಿಲ್ಲ." ಅವಳು ಅಬಾಯದ ಒಳಗಿಂದ ಒಂದು ಗಾಳಿ ಬಂದೂಕು ತೆಗೆದು ಬಟ್ಟಲ ಪಕ್ಕ ಇಟ್ಟಳು. "ಇದು ನನ್ನ ಮಗ ಸಜ್ಜಾದ್‌ದು. ಹಟ ಮಾಡ್ದ, ನಾನೇ ಕೊಡಿಸ್ದೆ. ಇದ್ರಿಂದ ಇನ್ನೊಬ್ಬಳ ಮಗಳ ಕಣ್ಣು ಹೋಗ್ಲಿಲ್ಲ ಅಂದ್ರೆ ಅದು ನನ್ನ ಅದೃಷ್ಟ, ಬುದ್ಧಿವಂತಿಕೆ ಅಲ್ಲ. ಓಣೀಲಿರೋ ಅಷ್ಟೂ ಬಂದೂಕು ಇದ್ರ ಪಕ್ಕ ಬರ್ಬೇಕು. ಹಾಜಿಯ ಹೊಸ ಪೆಟ್ಟಿಗೇನೂ."

"ಆಟದ ಸಾಮಾನಮ್ಮ ಅದು," ಅಂದ ಶನ್ನಾನ್. "ಆರು ವರ್ಷ ಮೇಲ್ಪಟ್ಟೋರಿಗೆ ಅಂತ ಡಬ್ಬಿ ಮೇಲೇ ಬರ್ದಿದೆ."

"ಹೌದು. ನನ್ನ ಮಗಳಿಗೆ ಏಳು."

"ನಾನು ಮಾರದಿದ್ರೆ ಆಚೆ ಓಣಿಯೋನು ಮಾರ್ತಾನೆ."

"ಅವ್ನ ಮನೇಗೂ ಹೋಗ್ತೀನಿ. ಅಲ್ಲೂ ಒಂದು ಕಾಫಿ ತಣ್ಣಗಾಗ್ಲಿ."

ಶೇಖ್ ಗಡ್ಡ ನೀವಿಕೊಂಡರು. ತಮ್ಮ ಚಾವಡಿಯಲ್ಲಿ ಕಾಫಿ ಉಳಿಸಿ ಒಬ್ಬ ಹೆಂಗಸು ಎದ್ದು ಹೋದಳು ಎಂಬ ಮಾತು ಸಂತೆಗೆ ಮುಟ್ಟಲು ಎಷ್ಟು ಹೊತ್ತು? "ಆಯ್ತು, ಕೊಟ್ಟೆ. ಕುಡಿ ಮಗಳೇ."

"ಕೊಟ್ಟೆ ಅಂದಿದ್ದು ಕೇಳಿಸ್ತು ಶೇಖರೆ. ಬಂದಿದ್ದು ಕಣ್ಣಿಗೆ ಕಾಣ್ಲಿ."

ಯಾರದೋ ಹಲ್ಲು ಕಡಿಯುವ ಸದ್ದು ಕೇಳಿಸಿತು. ಶೇಖ್ ಓಣಿಯ ಮನೆಮನೆಗೂ ಹೇಳಿಕಳಿಸಿದರು. ನಿದಾಲ್ ಕೂತಲ್ಲಿಂದ ಏಳಲಿಲ್ಲ. ಅವಳನ್ನು ಕರೆದೊಯ್ಯಲು ಮಾವ ಕಳಿಸಿದ್ದ ಗಂಡ ರಾದ್ ಬಾಗಿಲಲ್ಲಿ ಬಂದು ನಿಂತ. ನೆಲದ ಮೇಲಿದ್ದ ಮಗನ ಬಂದೂಕನ್ನು ನೋಡಿದ. ಒಳಗೆ ಬಂದು ಹೆಂಡತಿಯ ಪಕ್ಕ ಕೂತ.

ಮೊದಲು ಬಂದವಳು ಕರ್ರಾರ್‌ನ ತಾಯಿ. ತಬಾರಕ್‌ಳ ಕಣ್ಣು ಕಳೆದ ಆ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು, ಇಟ್ಟವಳು ಅಲ್ಲೇ ಕುಸಿದು ಅತ್ತಳು. ನಿದಾಲ್ ಅವಳ ಕೈ ಹಿಡಿದುಕೊಂಡಳು. ಆಮೇಲೆ ಒಂದೊಂದಾಗಿ ಬಂದವು. ಕೆಲವರು ಬೈಯುತ್ತಲೇ ತಂದಿಟ್ಟರು. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಶನ್ನಾನ್ ಕೂಡ ಪೆಟ್ಟಿಗೆ ಹೊರಿಸಿಕೊಂಡು ಬಂದ. ಕೊನೆಗೆ ಎಲ್ಲರ ಕಣ್ಣೂ ಶೇಖರ ಮೇಲೆ ನಿಂತಿತು. ಅವರು ಎದ್ದು ಒಳಗೆ ಹೋದರು. ಮೊಮ್ಮಗ ಚೀರಾಡಿ ಅಳುವುದು ಹೊರಗೆಲ್ಲ ಕೇಳಿಸಿತು. ಅವರು ಬರಿಗೈಯಲ್ಲಿ ಬರಲಿಲ್ಲ.

ರಾಶಿಯ ಮೇಲೆ ಮೊಮ್ಮಗನ ಬಂದೂಕನ್ನೂ ಇಟ್ಟು ಅವರು ನಿದಾಲಳ ಕಡೆ ತಿರುಗಿದರು. "ಇಷ್ಟೆಲ್ಲ ಕೇಳ್ದೆ ಮಗಳೇ. ಮಗಳ ಕಣ್ಣಿಗೆ ಬದಲಾಗಿ ಏನೂ ಕೇಳ್ಲಿಲ್ವಲ್ಲ?"

"ನಿಮ್ಮ ಕೈಲಿ ಕೊಡೋಕೆ ಆಗೋ ಹಾಗಿದ್ರೆ ಮೊದಲು ಆ ಕಣ್ಣನ್ನೇ ಕೇಳ್ತಿದ್ದೆ ಶೇಖರೆ," ಅಂದಳು ನಿದಾಲ್. ತಣ್ಣಗಾಗಿದ್ದ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದಳು.