ಒಲೆಗೆ ಸುರಿದ ನೀರು

"ನಾ ಯಾವಾಗ ಅತ್ತೇನಿ? ಹೇಳ ಬೇ, ಯಾವಾಗ ಅತ್ತೇನಿ?"

ಹಿಟ್ಟು ಹತ್ತಿದ ಕೈಯಲ್ಲೇ ಕಸ್ತೂರೆವ್ವ ಬಾಗಿಲಿಗೆ ಬಂದು ನಿಂತಿದ್ದಳು. ಪಾಲಾದ ಮೇಲೆ ಆಕೆ ಈ ಹೊಸ್ತಿಲ ಹತ್ತಿರ ಬಂದದ್ದು ಇದೇ ಮೊದಲು. ಒಂದೇ ಮನೆಯ ನಡುವೆ ಗೋಡೆ ಎದ್ದಿತ್ತು. ಆ ಕಡೆ ಹಿರಿಸೊಸೆ ಕಸ್ತೂರೆವ್ವನ ಖಡಕ್ ರೊಟ್ಟಿಯ ವ್ಯಾಪಾರ, ಈ ಕಡೆ ಕಿರಿಸೊಸೆ ಐಶ್ವರ್ಯಳ ಸಂಸಾರ. ಇಬ್ಬರಿಗೂ ಮಾತಿಲ್ಲವೆಂಬುದು ಮಹಾಲಿಂಗಪುರದ ಆ ಓಣಿಗೆಲ್ಲ ಗೊತ್ತು.

ಐಶ್ವರ್ಯ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನನ್ನ ಕಥಿ ನಿಮಗ ಯಾರು ಓದಿ ಹೇಳಿದ್ರು?"

"ನನ್ನ ಮಗಳು ಅಕ್ಷತಾ. ಆಕಿ ಫೋನಿಗೂ ಬಂದೈತಿ. ನಿಮ್ಮ ಕಮ್ಮಟದವರು ಊರ ತುಂಬ ಹಂಚ್ಯಾರ."

"ಅದರಾಗ ನಿಮ್ಮ ಹೆಸರು ಎಲ್ಲೈತಿ ತೋರಸ್ರಿ."

"ಹೆಸರು ಯಾಕ ಬೇಕ? ಉರಿಯೋ ಒಲಿಗೆ ನೀರು ಸುರದಾಕಿ ಈ ಓಣ್ಯಾಗ ನಾ ಒಬ್ಬಾಕೀನ!"

ಸುರಿದದ್ದು ಖರೆ. ಪಾಲಿನ ದಿನ ಐಶ್ವರ್ಯ ಕೂಸಿಗೆ ಹಾಲು ಕಾಯಿಸುತ್ತ ಕೂತಿದ್ದಾಗ, ಒಲೆ ತನ್ನ ಪಾಲಿಗೆ ಬಂದಿದೆಯೆಂದು ಕಸ್ತೂರೆವ್ವ ಅದರ ಮೇಲೆ ಕೊಡ ಬಗ್ಗಿಸಿದ್ದಳು. ಹಾಲಿನಲ್ಲಿ ಬೂದಿ ತೇಲಿತ್ತು. ಐಶ್ವರ್ಯ ಅದನ್ನು ಹಾಗೆಯೇ ಬರೆದಿದ್ದಳು. ಆದರೆ ಜಮಖಂಡಿಯ ಕಥಾ ಕಮ್ಮಟದಲ್ಲಿ ಹೊಸಬರಿಗೆ ಬರೆಯಲು ಕಲಿಸುವ ಚಿದಾನಂದ ಸರ್ ಓದಿ ತಲೆ ಅಲ್ಲಾಡಿಸಿದ್ದರು. ಕೆಟ್ಟವರ ಮೇಲೂ ಓದುಗರಿಗೆ ಕನಿಕರ ಹುಟ್ಟಬೇಕು, ಆ ಹೆಂಗಸಿಗೆ ಕೊನೆಯಲ್ಲಿ ಒಂದಿಷ್ಟು ಕಣ್ಣೀರು ಕೊಡಿ ಎಂದಿದ್ದರು. ಐಶ್ವರ್ಯ ಕೊಟ್ಟಳು. ಗೋಡೆಗೆ ಮುಖ ಮಾಡಿ ಆಕೆ ಬಿಕ್ಕಿದಳು ಎಂದು ಬರೆದಳು. ಆ ಸಾಲಿನಿಂದಲೇ ಕಥೆ ಆಯ್ಕೆಯಾಯಿತು. ರವಿವಾರ ಜಮಖಂಡಿಯಲ್ಲಿ ಸಭೆಯ ಮುಂದೆ ಓದಬೇಕಿತ್ತು. ಆಮೇಲೆ ಕಮ್ಮಟದ ಪುಸ್ತಕದಲ್ಲಿ ಅಚ್ಚಾಗುತ್ತಿತ್ತು. ಅಚ್ಚಿನಲ್ಲಿ ಅವಳ ಹೆಸರು ಬರುವುದು ಮೊದಲ ಸಲ.

"ನೀರು ಹಾಕಿದ್ದು ಬರಿ. ದೊಡ್ಡ ಅಕ್ಷರದಾಗ ಬರಿ," ಎಂದಳು ಕಸ್ತೂರೆವ್ವ. "ನಾ ಅಂಜಾಂಗಿಲ್ಲ. ಅಳೂದು ತಗಿ."

"ಅದನ್ನ ತಗದ್ರ ಕಥಿನ ಉಳಿಯಾಂಗಿಲ್ಲ. ಅದಿದ್ರ ಓದಿದವರು ನಿಮ್ಮನ್ನ ಪಾಪ ಅಂತಾರ."

"ನನಗ್ಯಾಕ ಪಾಪ ಅನಬೇಕ? ನಿನ್ನ ಸರ್ ಬಂದು ನನ್ನ ಕಣ್ಣ ಒರಿಸ್ಯಾನೇನ? ಮಾಡಿದ್ದು ಮಾಡೇನಿ. ಮಾಡಿ ಅಳಾಕಿ ನಾ ಅಲ್ಲ. ರವಿವಾರ ನಾನೂ ಬರ್ತೀನಿ. ಅಳೂದು ಓದಿದಿ ಅಂದ್ರ ಅಲ್ಲೇ ಎದ್ದು ನಿಂತು ಸುಳ್ಳಂತ ಒದರತೀನಿ."

"ಬರ್ರಿ. ಹಂಗ ನಾಕು ರೊಟ್ಟಿನೂ ಮಾರಕೊಂಡು ಹೋಗ್ರಿ."

ಕಸ್ತೂರೆವ್ವ ಬಂದಳು. ರೊಟ್ಟಿಯ ಚೀಲವನ್ನೂ ತಂದಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಳು.

ಐಶ್ವರ್ಯ ಓದತೊಡಗಿದಳು. ಒಲೆಯ ಮಾತು ಬಂದಾಗ ಹಿಂದಿನಿಂದ ಯಾರೋ "ಎಂಥಾ ಹೆಣಮಗಳಪಾ ಇಕಿ!" ಎಂದರು. ಕಸ್ತೂರೆವ್ವ ತಿರುಗಿ ಆ ಮನುಷ್ಯನನ್ನು ದಿಟ್ಟಿಸಿದಳು. ಆಮೇಲೆ ಸೆರಗು ಬಿಗಿದು ಕುರ್ಚಿಯ ತುದಿಗೆ ಸರಿದಳು.

ಹಾಲಿನಲ್ಲಿ ಬೂದಿ ತೇಲಿತು ಎಂಬಲ್ಲಿ ಐಶ್ವರ್ಯಳ ದನಿ ನಿಂತಿತು. ಇನ್ನು ಉಳಿದದ್ದು ಅಳುವ ಸಾಲು. ಅವಳು ತಲೆ ಎತ್ತಿದಳು. ಎದುರಿನ ಮುಖ ಕಾದ ಹಂಚಿನಂತಿತ್ತು. ಆ ದಿನವೂ ಹೀಗೇ ಇತ್ತು. ಅವಳು ಹಾಳೆ ಮಡಚಿದಳು.

"ಕೊನೀ ಸಾಲು ಓದ್ರಿ," ಎಂದರು ಚಿದಾನಂದ ಸರ್ ಮೆಲ್ಲಗೆ.

"ಆಕಿ ಅಳಲಿಲ್ರಿ."

"ಹಂಗಾದ್ರ ಪುಸ್ತಕಕ್ಕ ಕಷ್ಟ ಆಗತೈತಿ, ನೋಡ್ರಿ."

"ಆಗ್ಲಿ ಬಿಡ್ರಿ."

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಕಸ್ತೂರೆವ್ವ ಕೈ ತಟ್ಟಲಿಲ್ಲ. ಚೀಲ ಎತ್ತಿಕೊಂಡು ಹೊರಟುಹೋದಳು.

ಮಹಾಲಿಂಗಪುರದ ಬಸ್ಸು ತುಂಬಿತ್ತು. ಐಶ್ವರ್ಯ ಹತ್ತಿದಾಗ ಕಿಟಕಿಯ ಬಳಿ ಕೂತಿದ್ದ ಕಸ್ತೂರೆವ್ವನ ಪಕ್ಕದ ಸೀಟಿನಲ್ಲಿ ರೊಟ್ಟಿಯ ಚೀಲವಿತ್ತು.

"ಯಕ್ಕಾ, ಫ್ರೀ ನಿಮಗ, ಚೀಲಕ್ಕಲ್ಲ," ಎಂದ ಕಂಡಕ್ಟರ್.

"ಇಲ್ಲಿ ಮಂದಿ ಅದಾರ," ಎಂದಳು ಕಸ್ತೂರೆವ್ವ, ಯಾರ ಕಡೆಗೂ ನೋಡದೆ.

ಐಶ್ವರ್ಯ ಅಲ್ಲೇ ಕಂಬಿ ಹಿಡಿದು ನಿಂತಳು. ಬನಹಟ್ಟಿ ದಾಟಿದ ಮೇಲೆ ಕಸ್ತೂರೆವ್ವ ಮುಖ ತಿರುಗಿಸದೆಯೇ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಐಶ್ವರ್ಯ ನೋಡಿದಳು, ಕೂರಲಿಲ್ಲ. ಬಸ್ಸು ಕುಣಿದಾಗಲೆಲ್ಲ ಚೀಲದೊಳಗೆ ಒಣ ರೊಟ್ಟಿ ಕಟಕಟ ಎನ್ನುತ್ತಿತ್ತು. ಖಾಲಿ ಸೀಟಿನ ಮೇಲೆ ಜೋಳದ ಹಿಟ್ಟಿನ ಬಿಳಿ ಗುರುತು ಉಳಿದಿತ್ತು.