ಹೊರಗಿನಿಂದ ಕೂರಿಸಿದ ಗಾಜು

ಹುಮನಾಬಾದಿನ ತನ್ನ ಶೆಡ್ಡಿನಲ್ಲಿ ಮಿಠಾಯಿ ಅಂಗಡಿಯೊಂದರ ಶೋಕೇಸಿಗೆ ಗಾಜು ಕೂರಿಸುತ್ತಿದ್ದ ಬಡಗಿ ಮಹೆಬೂಬನ ಕೈ ಇದ್ದಕ್ಕಿದ್ದಂತೆ ನಿಂತಿತು. ಹೊರಗಿನಿಂದ ಒತ್ತಿದರೆ ಗಾಜು ಚೌಕಟ್ಟಿಗೆ ಆತುಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಒಳಗಿನಿಂದ ಒತ್ತಿದರೆ? ತಡೆಯಲು ಬೆರಳಗಲದ ಮರದ ಪಟ್ಟಿ ಬಿಟ್ಟರೆ ಏನೂ ಇಲ್ಲ. ಪೇಢೆ ಯಾವತ್ತೂ ಗಾಜನ್ನು ಒತ್ತುವುದಿಲ್ಲ. ನೀರು ಒತ್ತುತ್ತದೆ.

ಬಸವಕಲ್ಯಾಣದ ಸೀರೆ ವ್ಯಾಪಾರಿ ಗುರುನಾಥರ ಮನೆಯಲ್ಲಿ ಎಂಟು ಅಡಿ ಉದ್ದದ ಮೀನಿನ ತೊಟ್ಟಿ ಮಾಡಿಟ್ಟು ಬಂದು ಎಂಟು ದಿನವಾಗಿತ್ತು. ತಳ, ಬೆನ್ನು, ಎರಡು ಮಗ್ಗುಲು ಪ್ಲೈವುಡ್. ಒಳಗೆ ನೀರು ಹೀರದ ಬಣ್ಣ ನಾಲ್ಕು ಸಲ. ಎದುರಿಗೆ ದಪ್ಪ ಗಾಜು. ಮರದ ಕೆಲಸದಲ್ಲಿ ಕೂದಲು ತೂರುವಷ್ಟು ಸಂದಿಯಿರಲಿಲ್ಲ. ಗಾಜನ್ನು ಮಾತ್ರ ಇಪ್ಪತ್ತಾರು ವರ್ಷದ ರೂಢಿಯಂತೆ, ಶೋಕೇಸಿಗೆ ಕೂರಿಸುವ ಹಾಗೆ, ಹೊರಗಿನಿಂದ ಅಂಟಿಸಿ ಪಟ್ಟಿ ಬಡಿದಿದ್ದ. ಅಂಟು ಒಣಗಲೆಂದು ಅವನೇ ಹೇಳಿದ್ದ ಗಡುವು ಮುಗಿದಿತ್ತು. ನೀರು ತುಂಬಿ ಮೀನು ಬಿಡುವುದು ಇವತ್ತೇ.

ಅದು ಶೋಕಿಯ ತೊಟ್ಟಿಯಲ್ಲ. ಗುರುನಾಥರ ಮಗಳು ಅನುರಾಧಾ ಮೂರು ವರ್ಷದ ಹಿಂದೆ ತಂದಿದ್ದ ಬೆರಳುದ್ದದ ಮೀನು ಈಗ ಮೊಳಕ್ಕೂ ಮೀರಿ ಬೆಳೆದು, ಹಳೆಯ ಪೆಟ್ಟಿಗೆಯಲ್ಲಿ ಹೊರಳಲಾಗದೆ ಮೂತಿ ಕೆರೆದುಕೊಂಡಿತ್ತು. ಮಾಂಸ ಮುಟ್ಟದ ಮನೆ ಅದು. ಮೀನನ್ನು ಒಯ್ಯುತ್ತೇವೆಂದು ಬಂದವರೆಲ್ಲ ಮೊದಲು ಕೇಳಿದ್ದು ಅದರ ತೂಕವನ್ನು. ಕೆರೆಗೆ ಬಿಟ್ಟರೆ ಸಂಜೆಯೊಳಗೆ ಯಾರದೋ ಬಲೆಗೆ. ಹಟ ಹಿಡಿದು ತೊಟ್ಟಿ ಮಾಡಿಸಿದ್ದಳು ಹುಡುಗಿ.

ಮೂರು ಸಲ ಫೋನು ಮಾಡಿದರೂ ಯಾರೂ ಎತ್ತಲಿಲ್ಲ. ಮಹೆಬೂಬ ಬಸ್ಸು ಹಿಡಿದ. ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಡ್ರೈವರನ ಬೆನ್ನಿಗೆ ನಿಂತು ನಿಂತು ಅವನಿಂದ ಬೈಸಿಕೊಂಡ.

ಗುರುನಾಥರ ಮನೆಯ ಮೆಟ್ಟಿಲಿನಿಂದ ನೀರು ಇನ್ನೂ ಇಳಿಯುತ್ತಿತ್ತು. ಪಡಸಾಲೆಯ ತುಂಬ ಗಾಜಿನ ಚೂರು, ಕಿತ್ತುಬಿದ್ದ ಪಟ್ಟಿ. ಮೀನನ್ನು ಬಚ್ಚಲಿನ ಸಿಮೆಂಟ್ ತೊಟ್ಟಿಗೆ ಹಾಕಿದ್ದರು. ಒದ್ದೆ ಗೋಣಿಚೀಲ ಹಿಡಿದು ಹೆದ್ದಾರಿ ಢಾಬಾದವನೊಬ್ಬ ಆಗಲೇ ಬಂದು ನಿಂತಿದ್ದ.

“ನೀವ್ ಮನಸ್ಸಿಗಿ ಹಚ್ಕೋಬ್ಯಾಡ್ರಿ, ಭಾಯ್” ಎಂದರು ಗುರುನಾಥ. “ನಿಮ್ ಕೆಲಸದಾಗ ಏನೂ ಖೋಟ ಇಲ್ಲ. ಆ ಮೀನೇ ಬಾಲ ಬಡ್ದು ಗಾಜು ಕೆಡವ್ಯದ. ಅದಕ್ಕ ಈ ಢಾಬಾದವ್ರಿಗಿ ಕೊಟ್ಟು ಬಿಡ್ತೀವಿ.”

ಹೇಳಲು ನಾಚಿಕೆ, ಆದರೆ ಆ ಮಾತು ಕೇಳಿ ಮಹೆಬೂಬನಿಗೆ ಹೋದ ಜೀವ ಬಂದಂತಾಯಿತು. ಸುಮ್ಮನಿದ್ದರೆ ಸಾಕು, ಹೆಸರು ಉಳಿಯುತ್ತದೆ.

ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತಿದ್ದ ಅನುರಾಧಾ ಅವನನ್ನು ನೋಡಿದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. “ಚಾಚಾ ಅಷ್ಟ್ ಛಲೋ ಮಾಡಿದ್ರು. ಇದೇ ಹಾಳ್ ಮಾಡ್ತು” ಎಂದು ಬಾಗಿಲು ಬಿಟ್ಟು ಸರಿದಳು.

ಢಾಬಾದವನು ಒಳಗೆ ಹೋಗಿ ಚೀಲದ ಬಾಯಿ ಅಗಲಿಸಿದ. ಮಹೆಬೂಬ ಹಿಂದೆಯೇ ನುಗ್ಗಿ ಅವನ ಕೈ ಹಿಡಿದ.

“ಅದಕ್ಕ ಮುಟ್ಟಬ್ಯಾಡ್ರಿ. ಮೀನಿಂದ್ ತಪ್ಪಿಲ್ಲ, ನಂದದ. ಗಾಜು ಒಳಗಿಂದ ಕೂಡಸ್ಬೇಕಿತ್ತು, ನೀರೇ ಅದಕ್ಕ ಚೌಕಟ್ಟಿಗಿ ಒತ್ತಿ ಹಿಡೀತಿತ್ತು. ನಾ ಹೊರಗಿಂದ ಕೂಡ್ಸೀನಿ. ಮೀನಿಲ್ದಿದ್ರೂ ಒಡೀತಿತ್ತು, ಸಾವ್ಕಾರ್ರ.”

“ಬಜಾರ್ ತುಂಬ ನಿಮ್ ಹೆಸರು ಹೇಳ್ಕೋತ ತಿರುಗೀನಿ” ಎಂದು ಗುರುನಾಥ ಮೆಲ್ಲಗೆ ಅಂದು, ಢಾಬಾದವನನ್ನು ಕರೆದುಕೊಂಡು ಹೊರಗೆ ಹೋದರು. ಚಹಾ ಕುಡಿಯಿರಿ ಎನ್ನಲಿಲ್ಲ.

ಅನುರಾಧಾ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. “ಹೊಸ ಗಾಜು ಯಾವಾಗ ತರ್ತೀರಿ?”

“ನಾಳಿಗೇ, ಬೇಟಿ.”

“ಈ ಸಲ ನೀವ್ ಗಾಜು ಕೂಡ್ಸೋತನ ನಾ ಮುಂದ್ ಕುಂತು ನೋಡ್ತೀನಿ.”

ಮಹೆಬೂಬನ ಕೆಲಸದ ಮೇಲೆ ಅಲ್ಲಿಯ ತನಕ ಯಾರೂ ಕಾವಲು ಕೂತಿರಲಿಲ್ಲ. ಅವನು ತಲೆ ಎತ್ತದೆ, “ಕುಂದರವ್ವ” ಎಂದ.