ಬಿ.ಎ. ಸೇರಿದ ಜಾಣೆ

ದಿಲ್‌ಸುಖ್‌ನಗರದಲ್ಲಿ ಕಂಬಕ್ಕೊಂದು ಜಾವಾ ಕೋಚಿಂಗ್ ಬೋರ್ಡು ನೇತಾಡುತ್ತಿದ್ದ ಕಾಲ. ಅಂಥ ಊರಿನಲ್ಲಿ ನನ್ನ ಮಗಳು ಸಂಯುಕ್ತಾ ಕಂಪ್ಯೂಟರ್ ಬೇಡ, ಅರ್ಥಶಾಸ್ತ್ರ ಓದುತ್ತೇನೆ, ಆಮೇಲೆ ದಿಲ್ಲಿಯಲ್ಲಿ ಎಂ.ಎ. ಮಾಡುತ್ತೇನೆ ಎಂದಳು. ನಮ್ಮನೆಯವರು, ಹನುಮಂತರಾಯರು, ಎರಡು ದಿನ ಊಟ ಕಡಿಮೆ ಮಾಡಿದರು. ಮೂರನೆಯ ದಿನ ಹಸಿವು ಗೆದ್ದಿತು, ಒಪ್ಪಿದರು.

ಆದರೆ ಡಿಗ್ರಿ ಬಿ.ಎಸ್ಸಿ.ಯೇ ಆಗಬೇಕಂತೆ. ರಕ್ಷಣಾ ಕಾರ್ಖಾನೆಯ ನಮ್ಮ ಕ್ವಾರ್ಟರ್ಸಿನಲ್ಲಿ ಬಿ.ಎ. ಎಂದರೆ ಬೇರೆಲ್ಲೂ ಸೀಟು ಸಿಗದವರ ಪಾಡು. ಗಣಿತದಲ್ಲಿ ತೊಂಬತ್ತಾರು ತೆಗೆದವಳು ಬಿ.ಎ. ಸೇರಿದರೆ ನಾಲ್ಕು ಜನ ಏನಂದಾರು ಎಂಬುದೇ ಇವರ ಚಿಂತೆ.

ತಮಾಷೆ ನೋಡಿ, ಬಿ.ಎಸ್ಸಿ. ಇದ್ದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಜೊತೆಗಿದ್ದದ್ದು ಕಂಪ್ಯೂಟರ್ ಮತ್ತು ಮಾರ್ಕೆಟಿಂಗ್. ಗಣಿತ, ಸಂಖ್ಯಾಶಾಸ್ತ್ರ ಎರಡೂ ಇದ್ದದ್ದು ಇನ್ನೊಂದು ಕಾಲೇಜಿನ ಬಿ.ಎ.ಯಲ್ಲಿ. ದಿಲ್ಲಿಯ ಪ್ರವೇಶ ಪರೀಕ್ಷೆಯಲ್ಲಿ ಕೇಳುವುದೋ, ಮುಕ್ಕಾಲು ಪಾಲು ಗಣಿತ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದೆ. ಇವರು ಪೇಪರಿನ ಹಿಂದೆ ಅವಿತರು. ನನಗೆ ಮೈ ಉರಿದುಹೋಯಿತು. ತಪ್ಪು ಡಿಗ್ರಿ ಓದಿದರೆ ಮಗಳಿಗೆ ದಿಲ್ಲಿ ಕನಸಿನಲ್ಲೇ ಉಳಿಯುತ್ತಿತ್ತು.

ಸಂಯುಕ್ತಾ ಎರಡೂ ಸಿಲೆಬಸ್ಸು, ದಿಲ್ಲಿಯ ಹಳೆಯ ಪ್ರಶ್ನೆಪತ್ರಿಕೆ ತಂದು ಅಪ್ಪನ ಮುಂದಿಟ್ಟಳು. ಇವರು ಇನ್‌ಸ್ಪೆಕ್ಷನ್ ವಿಭಾಗದವರು. ಕಾರ್ಖಾನೆಗೆ ಬಂದ ಮಾಲನ್ನು ಅಳೆದು ನೋಡಿ, ಸರಿಯಿಲ್ಲದ್ದನ್ನು ವಾಪಸು ಕಳಿಸುವುದೇ ಕೆಲಸ.

"ಅಪ್ಪಾ, ಡಬ್ಬಿ ಮ್ಯಾಲಿನ ಚೀಟಿ ನೋಡಿ ಮಾಲ್ ಪಾಸ್ ಮಾಡ್ತೀರೇನು?" ಎಂದಳು.

ಇವರು ಕೆಂಪು ಪೆನ್ಸಿಲ್ ಎತ್ತಿಕೊಂಡರು. ಒಂದೊಂದು ಪ್ರಶ್ನೆಗೂ ಸಿಲೆಬಸ್ಸಿನಲ್ಲಿ ಪಾಠ ಹುಡುಕುತ್ತ ಭಾನುವಾರ ಪೂರ್ತಿ ಕಳೆದರು. ಸಂಜೆಗೆ ಬಿ.ಎಸ್ಸಿ. ಸಿಲೆಬಸ್ಸಿನ ಮೇಲೆ ರಿಜೆಕ್ಟ್ ಎಂದು ಬರೆದು ಸಹಿಯನ್ನೂ ಹಾಕಿದರು. ಅಭ್ಯಾಸಬಲ.

ಬಿ.ಎ. ಇದ್ದ ಕಾಲೇಜಿಗೆ ಅರ್ಜಿ ಕೊಡಲು ಮೂವರೂ ಹೋದೆವು. ನಮ್ಮ ಗ್ರಹಚಾರಕ್ಕೆ ಸಾಲಿನಲ್ಲಿ ನಮ್ಮ ಹಿಂದೆಯೇ ಕ್ವಾರ್ಟರ್ಸಿನ ಸಂಗಣ್ಣನವರು, ಮಗಳ ಬಿ.ಕಾಂ. ಅರ್ಜಿ ಹಿಡಿದು ನಿಂತಿದ್ದರು. ಅವರ ಕಿವಿಗೆ ಬಿದ್ದದ್ದು ಊಟದ ಹೊತ್ತಿಗೆ ಎಲ್ಲ ಮನೆಗೂ ಮುಟ್ಟುತ್ತದೆ. ಕಿಟಕಿಯೊಳಗಿನ ಗುಮಾಸ್ತ ಅಂಕಪಟ್ಟಿ ನೋಡಿ, ಇಷ್ಟು ಅಂಕ ಇಟ್ಟುಕೊಂಡು ಬಿ.ಎ. ಯಾಕೆ ಎಂದು ಹಿಂದಿಯಲ್ಲಿ ಕೇಳಿದ. ಇವರ ಕಿವಿ ಕೆಂಪಾಯಿತು. ಈ ಮನುಷ್ಯ ಇಲ್ಲೇ ಮಾತು ಬದಲಿಸಿಬಿಟ್ಟರೆ ಎಂದು ನನಗೆ ಭಯವಾಯಿತು.

ಇವರು ಗುಮಾಸ್ತನನ್ನು ಬಿಟ್ಟು ಸಂಗಣ್ಣನವರ ಕಡೆಗೇ ತಿರುಗಿದರು.

"ನನ್ನ ಮಗಳು ಬಿ.ಎ. ಸೇರಾಕತ್ತಾಳ್ರಿ. ಅಕಿಗೆ ಬೇಕಾದ್ದು ಇದರಾಗ ಐತಿ."

ಸಾಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು. ಸಂಯುಕ್ತಾ ತಡಮಾಡದೆ ಅರ್ಜಿಯನ್ನು ಕಿಟಕಿಯೊಳಗೆ ತಳ್ಳಿದಳು.